ಯೂರಿ, ಯೆಗೋರ್, ಗಿಯೋರ್ಗಿ

ನಮ್ಮೂರಿನ ಪ್ರಾಥಮಿಕ ಶಾಲೆಯ ಗೋಡೆಯಲ್ಲಿ ಗಾಂಧೀಜಿ, ನೆಹರೂ, ವಿಶ್ವೇಶ್ವರಯ್ಯನವರ ಚಿತ್ರಗಳ ಸಾಲಿನ ಕೊನೆಗೆ, ದುಂಡನೆಯ ಬಿಳಿ ಶಿರಸ್ತ್ರಾಣ ಧರಿಸಿ ನಗುತ್ತಿದ್ದ ಒಬ್ಬ ತರುಣನ ಚಿತ್ರವೂ ತೂಗುತ್ತಿತ್ತು. ಅದರ ಕೆಳಗೆ ‘ಯೂರಿ ಗಗಾರಿನ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎರಡೇ ಅಕ್ಷರದ ಆ ಮೊದಲ ಹೆಸರು ನಾಲಗೆಗೆ ಸುಲಭವಾಗಿದ್ದುದರಿಂದ ನನಗೆ ಗೊತ್ತಾದ ಮೊದಲ ರಷ್ಯನ್ ಹೆಸರು ಅದೇ ಆಯಿತು. ಮುಂದೆ ಬಹಳ ವರ್ಷಗಳ ನಂತರ ಬೆಂಗಳೂರಿನಲ್ಲಿ ಸಂಜೆಯ ಹೊತ್ತು ರಷ್ಯನ್ ಭಾಷೆ ಕಲಿಯಲು ಹೋಗುತ್ತಿದ್ದಾಗ, ನಮಗೆ ಪಾಠ ಹೇಳುತ್ತಿದ್ದ ಹಿರಿಯ ಅಧ್ಯಾಪಕಿ ಒಂದು ದಿನ ಹಲಗೆಯ ಮೇಲೆ ಯೂರಿ, ಯೆಗೋರ್, ಗಿಯೋರ್ಗಿ ಎಂಬ ಮೂರು ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಇವು ಮೂರಲ್ಲ, ಒಂದೇ ಹೆಸರು ಎಂದರು. ನಾನು ನಂಬಲಿಲ್ಲ. ಕಿವಿಗೆ ಅವುಗಳ ನಡುವೆ ಯಾವ ನಂಟೂ ಕೇಳಿಸುತ್ತಿರಲಿಲ್ಲ.

ಅಂದಿನಿಂದ ಈ ಹೆಸರನ್ನು ನಾನು ಬಿಟ್ಟಿಲ್ಲ. ಸಿಕ್ಕಸಿಕ್ಕಲ್ಲಿ ಅದರ ಬಗ್ಗೆ ಓದಿದ್ದೇನೆ, ಕೇಳಿದ್ದೇನೆ, ಟಿಪ್ಪಣಿ ಮಾಡಿಕೊಂಡಿದ್ದೇನೆ. ಓದುತ್ತ ಹೋದಂತೆ ನನಗೆ ಮನವರಿಕೆಯಾದದ್ದು ಇಷ್ಟು: ಈ ಮೂರು ರೂಪಗಳು ಕೇವಲ ಉಚ್ಚಾರಣೆಯ ಭೇದಗಳಲ್ಲ. ಬಹು ಕಾಲ ಯೂರಿ ಅರಮನೆಯಲ್ಲಿ, ಗಿಯೋರ್ಗಿ ಚರ್ಚಿನಲ್ಲಿ, ಯೆಗೋರ್ ಹೊಲದಲ್ಲಿ ಬಾಳಿದರು. ಹೆಸರಿನ ಮೂಲ ಅರ್ಥವನ್ನು ನೋಡಿದರೆ ಮೂವರೂ ಹೊಲದಲ್ಲಿಯೇ ಇರಬೇಕಾಗಿತ್ತು.

ಏಕೆಂದರೆ ಇದರ ಮೂಲವಾದ ಗ್ರೀಕ್ ಪದಕ್ಕೆ ಬೇಸಾಯಗಾರ ಎಂದೇ ಅರ್ಥ. ಗ್ರೀಕಿನಲ್ಲಿ ‘ಗೇ’ ಎಂದರೆ ಭೂಮಿ, ‘ಎರ್ಗೊನ್’ ಎಂದರೆ ಕೆಲಸ. ಎರಡೂ ಕೂಡಿ ‘ಗೆಯೋರ್ಗೋಸ್’, ಅಂದರೆ ಮಣ್ಣಿನ ಕೆಲಸ ಮಾಡುವವನು. ಪ್ರಾಚೀನ ಅಥೆನ್ಸಿನಲ್ಲಿ ದೇವರಾಜ ಜ್ಯೂಸ್‌ನಿಗೇ ‘ಗೆಯೋರ್ಗೋಸ್’ ಎಂಬ ವಿಶೇಷಣ ಸೇರಿಸಿ ಬೆಳೆಗಾಗಿ ಪೂಜೆ ಸಲ್ಲಿಸುತ್ತಿದ್ದರು. ಈ ಸಾಮಾನ್ಯ ನಾಮಪದದಿಂದ ‘ಗೆಯೋರ್ಗಿಯೋಸ್’ ಎಂಬ ವ್ಯಕ್ತಿನಾಮ ಹುಟ್ಟಿತು. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ನನ ಕಾಲದಲ್ಲಿ, ಪರಂಪರೆಯ ಪ್ರಕಾರ 303ರಲ್ಲಿ, ತನ್ನ ಕ್ರೈಸ್ತ ನಂಬಿಕೆಯನ್ನು ಬಿಡಲೊಪ್ಪದೆ ಪ್ರಾಣ ಕೊಟ್ಟ ಒಬ್ಬ ಸೈನಿಕನ ಹೆಸರೂ ಇದೇ ಆಗಿತ್ತು. ಪ್ಯಾಲೆಸ್ತೀನಿನ ಲಿಡ್ಡಾ ಪಟ್ಟಣದಲ್ಲಿ ಆತನ ಸಮಾಧಿಯಿದೆ ಎಂಬ ನಂಬಿಕೆಯಿಂದ ಯಾತ್ರಿಕರು ಅಲ್ಲಿಗೆ ಬರತೊಡಗಿದರು, ಮತ್ತು ಕಾಲಕ್ರಮದಲ್ಲಿ ಕುದುರೆಯೇರಿ ಈಟಿಯಿಂದ ಘಟಸರ್ಪವನ್ನು ಕೊಲ್ಲುವ ವೀರನ ಕಥೆಯೂ ಅವನ ಹೆಸರಿಗೆ ಸೇರಿಕೊಂಡಿತು. ಒಕ್ಕಲಿನ ಹೆಸರನ್ನು ಹೊತ್ತವನು ಹೀಗೆ ಯೋಧನ ವೇಷ ತೊಟ್ಟು ಜಗತ್ತಿಗೆಲ್ಲ ಪರಿಚಿತನಾದ.

ಗ್ರೀಕರು ಈ ಹೆಸರನ್ನು ಬರೆಯುವಾಗ ಗಕಾರದಿಂದಲೇ ಆರಂಭಿಸುತ್ತಿದ್ದರೂ, ಬೈಜಾಂಟಿಯಮ್ಮಿನ ಕಾಲಕ್ಕೆ ಎಕಾರದ ಮುಂದೆ ಬರುವ ಗಕಾರ ಆಡುಮಾತಿನಲ್ಲಿ ಹೆಚ್ಚುಕಡಿಮೆ ಯಕಾರವಾಗಿಬಿಟ್ಟಿತ್ತು. 988ರ ಸುಮಾರಿಗೆ ಕೀವ್‌ನ ರಾಜ ವ್ಲದೀಮಿರ್ ಕ್ರೈಸ್ತಮತವನ್ನು ಸ್ವೀಕರಿಸಿದ ಮೇಲೆ ಗ್ರೀಕ್ ಸಂತರ ಹೆಸರುಗಳು ಸ್ಲಾವ್ ಜನರ ನಡುವೆ ಹರಡತೊಡಗಿದಾಗ ಈ ಹೆಸರು ಎರಡು ದಾರಿಗಳಲ್ಲಿ ಬಂದಿತು. ಗ್ರಂಥಗಳನ್ನು ಓದಿ ಬರೆಯುವವರ ಕಣ್ಣಿನ ದಾರಿಯಲ್ಲಿ ಬಂದದ್ದು ಗಿಯೋರ್ಗಿಯಾಗಿ ಉಳಿಯಿತು. ಕೇಳಿ ಹೇಳುವವರ ಕಿವಿಯ ದಾರಿಯಲ್ಲಿ ಬಂದದ್ದು ಗ್ಯೂರ್ಗಿ, ದ್ಯೂರ್ಗಿ ಎಂದೆಲ್ಲ ಆಗಿ, ಕೊನೆಗೆ ಮೊದಲ ವ್ಯಂಜನ ಕಳಚಿ, ಎರಡನೆಯ ಗಕಾರವೂ ಅಳಿಸಿಹೋಗಿ ಯೂರಿ ಎಂದು ನಿಂತಿತು. ಯೆಗೋರ್ ಎಂಬುದು ಇನ್ನೊಂದು ಕವಲು. ಗಿಯೋರ್ಗಿಯೇ ಹಳ್ಳಿಯ ಬಾಯಲ್ಲಿ ಮೊದಲ ಗಕಾರವನ್ನು ಯಕಾರಕ್ಕೆ ಬಿಟ್ಟುಕೊಟ್ಟು, ‘ರ್ಗಿ’ ಎಂಬ ಒತ್ತಿನ ಗಂಟು ಬಿಚ್ಚಿಕೊಂಡು ಯೆಗೋರಿಯಾಯಿತು, ಆಮೇಲೆ ಇನ್ನೂ ಮೊಟಕಾಗಿ ಯೆಗೋರ್ ಆಯಿತು.

ಕನ್ನಡದ ಓದುಗರಿಗೆ ಇದು ಹೊಸದೇನೂ ಅಲ್ಲ. ನಮ್ಮ ವ್ಯಾಕರಣಕಾರರು ತತ್ಸಮ, ತದ್ಭವ ಎಂದು ಗುರುತಿಸಿದ್ದು ಇದನ್ನೇ. ಕೃಷ್ಣ ಎಂಬ ಹೆಸರು ಒಂದು ಕಡೆ ಕೃಷ್ಣನಾಗಿಯೇ ಉಳಿದು, ಇನ್ನೊಂದು ಕಡೆ ರಾಷ್ಟ್ರಕೂಟರ ಶಾಸನಗಳಲ್ಲಿ ಕನ್ನರನಾಗಿ, ಮತ್ತೊಂದು ಕಡೆ ನಮ್ಮ ನೆರೆಮನೆಯ ಕಿಟ್ಟಪ್ಪನಾಗಿ ಬದುಕಿದೆ. ಕನ್ನರದೇವ ಎಂಬ ರಾಜಗಂಭೀರ ಹೆಸರನ್ನೂ ಕಿಟ್ಟಪ್ಪ ಎಂಬ ಮನೆಮಾತಿನ ಹೆಸರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಯೂರಿಗೂ ಯೆಗೋರನಿಗೂ ಇರುವ ದೂರ ಮತ್ತು ನಂಟು ಎರಡೂ ಒಟ್ಟಿಗೆ ತಿಳಿಯುತ್ತವೆ. ಅಧ್ಯಾಪಕಿಯ ಮಾತನ್ನು ನಾನು ನಂಬಿದ್ದು ಈ ಹೋಲಿಕೆ ನನಗೆ ಹೊಳೆದ ಮೇಲೆ.

ಯೂರಿ ಎಂಬುದು ರಾಜರ ರೂಪವಾದದ್ದಕ್ಕೆ ಇತಿಹಾಸದಲ್ಲಿ ಸ್ಪಷ್ಟವಾದ ಕಾರಣವಿದೆ. ಹಳೆಯ ರುಸ್ ನಾಡಿನ ಅರಸು ಮನೆತನದಲ್ಲಿ ಪ್ರತಿಯೊಬ್ಬನಿಗೂ ಎರಡು ಹೆಸರುಗಳಿರುತ್ತಿದ್ದವು: ವಂಶದಲ್ಲಿ ನಡೆದುಬಂದ ಹೆಸರೊಂದು, ದೀಕ್ಷಾಸ್ನಾನದ ಹೆಸರೊಂದು. ‘ಜ್ಞಾನಿ’ ಎಂಬ ಬಿರುದು ಪಡೆದ ಯಾರೊಸ್ಲಾವ್‌ನ ದೀಕ್ಷೆಯ ಹೆಸರು ಗಿಯೋರ್ಗಿ. ಅವನು 1030ರಲ್ಲಿ ಈಗಿನ ಎಸ್ಟೋನಿಯಾದಲ್ಲಿ ಒಂದು ಕೋಟೆ ಪಟ್ಟಣವನ್ನು ವಶಪಡಿಸಿಕೊಂಡು ಅದಕ್ಕೆ ತನ್ನ ಆ ಎರಡನೆಯ ಹೆಸರಿನಿಂದ ಯೂರ್ಯೆವ್ ಎಂದು ನಾಮಕರಣ ಮಾಡಿದ. ಅದೇ ಇಂದಿನ ಟಾರ್ಟು, ಹೆಸರಾಂತ ವಿಶ್ವವಿದ್ಯಾಲಯದ ನಗರ. ರಷ್ಯನ್ ಸಾಮ್ರಾಜ್ಯ 1893ರಲ್ಲಿ ಆ ಊರಿಗೆ ಮತ್ತೆ ಯೂರ್ಯೆವ್ ಎಂಬ ಹೆಸರನ್ನೇ ಹೊರಿಸಿತ್ತು, ಎಸ್ಟೋನಿಯಾ ಸ್ವತಂತ್ರವಾದ ಮೇಲೆ ಅದು ಅಳಿಸಿಹೋಯಿತು.

ಯಾರೊಸ್ಲಾವ್‌ನ ಮರಿಮಗನ ಕಾಲಕ್ಕೆ ದೀಕ್ಷೆಯ ಹೆಸರೇ ಮೊದಲ ಹೆಸರಾಗಿತ್ತು. ಆತನೇ ಯೂರಿ ದೊಲ್ಗೊರೂಕಿ, ಅಂದರೆ ನೀಳಬಾಹು ಯೂರಿ. 1147ರಲ್ಲಿ ಅವನು ಇನ್ನೊಬ್ಬ ಅರಸನಾದ ಸ್ವ್ಯತೊಸ್ಲಾವ್‌ನಿಗೆ, ‘ಸಹೋದರಾ, ಮಾಸ್ಕೋವಿಗೆ ನನ್ನ ಬಳಿ ಬಾ’ ಎಂದು ಹೇಳಿಕಳುಹಿಸಿದ ಸಂಗತಿ ಹಳೆಯ ವೃತ್ತಾಂತದಲ್ಲಿ ದಾಖಲಾಗಿದೆ. ಮಾಸ್ಕೋ ಎಂಬ ಊರಿನ ಹೆಸರು ಲಿಖಿತವಾಗಿ ಕಾಣುವುದು ಅದೇ ಮೊದಲು. ಆ ವೃತ್ತಾಂತವನ್ನು ಬರೆದವರು ಆತನನ್ನು ಇಂದಿನಂತೆ ಯೂರಿ ಎನ್ನದೆ ಗ್ಯೂರ್ಗಿ ಎಂದೇ ಕರೆದಿದ್ದಾರೆ. ಹೆಸರು ರೂಪಾಂತರದ ನಡುದಾರಿಯಲ್ಲಿ ಇದ್ದ ಆ ಗಳಿಗೆ ಅಕ್ಷರದಲ್ಲಿ ಹಾಗೆಯೇ ಉಳಿದುಕೊಂಡಿರುವುದು ನನಗೆ ಬಹಳ ಪ್ರಿಯವಾದ ಸಂಗತಿ. ದೊಲ್ಗೊರೂಕಿ 1152ರಲ್ಲಿ ಕಟ್ಟಿಸಿದ ಯೂರ್ಯೆವ್-ಪೋಲ್ಸ್ಕಿ ಎಂಬ ಪಟ್ಟಣ ಇಂದಿಗೂ ಇದೆ. ‘ಪೋಲೆ’ ಎಂದರೆ ಬಯಲು, ಹೊಲ. ಆ ಊರಿನ ಹೆಸರನ್ನು ಬಯಲು ಸೀಮೆಯ ಯೂರ್ಯೆವ್ ಎಂದು ಅರ್ಥೈಸಬಹುದು. ಅವನ ಮೊಮ್ಮಗನೊಬ್ಬನ ಹೆಸರೂ ಯೂರಿ. ಆ ಯೂರಿ ಫ್ಸೆವೊಲೊದೊವಿಚ್ 1221ರಲ್ಲಿ ನಿಜ್ನಿ ನೊವ್ಗೊರೊದ್ ನಗರವನ್ನು ಸ್ಥಾಪಿಸಿ, 1238ರಲ್ಲಿ ಮಂಗೋಲರ ವಿರುದ್ಧ ಸಿತ್ ನದಿಯ ದಂಡೆಯ ಯುದ್ಧದಲ್ಲಿ ಮಡಿದ.

ಇನ್ನು ಯೆಗೋರ್. ಅರಸರ ವೃತ್ತಾಂತಗಳಲ್ಲಿ ಇವನನ್ನು ಹುಡುಕಬಾರದು. ಅಲೆಮಾರಿ ಗಾಯಕರು ಹಾಡುತ್ತಿದ್ದ ಭಕ್ತಿಗೀತೆಗಳಲ್ಲಿ, ದನಗಾಹಿಗಳ ಪ್ರಾರ್ಥನೆಗಳಲ್ಲಿ, ಗಾದೆಗಳಲ್ಲಿ ಹುಡುಕಬೇಕು. ಆ ಹಾಡುಗಳಲ್ಲಿ ಸಂತನ ಹೆಸರು ‘ಧೀರ ಯೆಗೋರಿ’. ಅವನ ತೋಳುಗಳು ಮೊಣಕೈವರೆಗೆ ಬಂಗಾರದವು, ಕಾಲುಗಳು ಮೊಣಕಾಲವರೆಗೆ ಬೆಳ್ಳಿಯವು. ಅವನು ರಷ್ಯದ ನೆಲದಲ್ಲೆಲ್ಲ ಸಂಚರಿಸುತ್ತ ದಟ್ಟ ಕಾಡುಗಳಿಗೆ, ಬೆಟ್ಟಗಳಿಗೆ, ತೋಳಗಳ ಹಿಂಡುಗಳಿಗೆ ಅವುಗಳ ನೆಲೆಯನ್ನೂ ನಿಯಮವನ್ನೂ ಗೊತ್ತುಮಾಡುತ್ತಾನೆ. ಗ್ರೀಕ್ ಹುತಾತ್ಮನ ಕಥೆಯಲ್ಲಿ ಇದಾವುದೂ ಇಲ್ಲ. ರಷ್ಯದ ಒಕ್ಕಲು ಮಕ್ಕಳು ತಮ್ಮ ಬದುಕಿಗೆ ಬೇಕಾದ ದೈವವನ್ನು ಆ ಹೆಸರಿನೊಳಗೆ ತಾವೇ ಕಟ್ಟಿಕೊಂಡರು, ಮತ್ತು ಹಾಗೆ ಕಟ್ಟಿಕೊಳ್ಳುವಾಗ ಹೆಸರು ತನ್ನ ಹಳೆಯ ಅರ್ಥಕ್ಕೆ, ಮಣ್ಣಿಗೆ ಮತ್ತು ದನಕರುಗಳಿಗೆ, ತಾನಾಗಿ ಮರಳಿತು. ಹಾಡಿದವರಲ್ಲಿ ಯಾರಿಗೂ ಗ್ರೀಕ್ ಬರುತ್ತಿರಲಿಲ್ಲ.

ಸಂತನ ವಸಂತದ ಹಬ್ಬ ಹಳೆಯ ಪಂಚಾಂಗದಂತೆ ಏಪ್ರಿಲ್ 23, ಈಗಿನ ಲೆಕ್ಕದಲ್ಲಿ ಮೇ 6. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದ ದನಗಳನ್ನು ಅಂದು ಮೊದಲ ಬಾರಿಗೆ ಮೇವಿಗೆ ಬಿಡುತ್ತಿದ್ದರು. ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ ಚರ್ಚಿನಲ್ಲಿ ಮಂತ್ರಿಸಿಟ್ಟುಕೊಂಡ ವಿಲೋ ಮರದ ಎಳೆಯ ರೆಂಬೆಯನ್ನು ಕೈಯಲ್ಲಿ ಹಿಡಿದು ಅದರಿಂದಲೇ ದನಗಳನ್ನು ಮೆಲ್ಲನೆ ತಟ್ಟುತ್ತ ಹೊರಗೆ ಅಟ್ಟುತ್ತಿದ್ದರು. ಅಂದಿನ ಬೆಳಗಿನ ಇಬ್ಬನಿಗೆ ಆರೋಗ್ಯ ಕೊಡುವ ಶಕ್ತಿಯಿದೆ ಎಂದು ನಂಬಿ ಹುಲ್ಲಿನ ಮೇಲೆ ಹೊರಳುತ್ತಿದ್ದರು. ಯೆಗೋರಿ ದನಗಳ ಕಾವಲುಗಾರನೂ ಹೌದು, ತೋಳಗಳ ಒಡೆಯನೂ ಹೌದು. ‘ತೋಳದ ಹಲ್ಲಿಗೆ ಸಿಕ್ಕಿದ್ದು ಯೆಗೋರಿ ಕೊಟ್ಟದ್ದು’ ಎಂಬ ಗಾದೆಯಲ್ಲಿ, ಕಳೆದುಕೊಂಡ ಕರುವಿನ ದುಃಖವನ್ನು ನುಂಗಿಕೊಳ್ಳುವ ರೈತನ ದನಿ ನನಗೆ ಕೇಳಿಸುತ್ತದೆ. ಇನ್ನೊಂದು ಗಾದೆ ಹೀಗಿದೆ: ‘ಯೆಗೋರಿಗಳು ಇಬ್ಬರು, ಒಬ್ಬ ಚಳಿಯವನು, ಒಬ್ಬ ಹಸಿವಿನವನು.’ ಹಸಿವಿನವನು ವಸಂತದವನು. ಆ ಹೊತ್ತಿಗೆ ಕಣಜ ಬರಿದಾಗಿರುತ್ತದೆ, ಹೊಸ ಬೆಳೆ ಇನ್ನೂ ದೂರವಿರುತ್ತದೆ.

ಚಳಿಯವನು ಶರತ್ಕಾಲದ ಕೊನೆಯವನು. ಕೀವ್‌ನಲ್ಲಿ ಯಾರೊಸ್ಲಾವ್ ತನ್ನ ದೀಕ್ಷೆಯ ಸಂತನಿಗೆ ಕಟ್ಟಿಸಿದ ಚರ್ಚಿನ ಪ್ರತಿಷ್ಠೆ 11ನೇ ಶತಮಾನದ ಮಧ್ಯದಲ್ಲಿ ನವೆಂಬರ್ 26ರಂದು ನಡೆಯಿತು, ಮತ್ತು ಆ ದಿನವೂ ಸಂತನ ಹಬ್ಬವಾಗಿ ಆಚರಣೆಯಲ್ಲಿ ಉಳಿಯಿತು. ಈಗಿನ ಲೆಕ್ಕಕ್ಕೆ ಅದು ಡಿಸೆಂಬರ್ 9. ಜನ ಅದನ್ನು ಯೂರ್ಯೆವ್ ದಿನ, ಅಂದರೆ ಯೂರಿಯ ದಿನ ಎಂದು ಕರೆದರು. ರಷ್ಯದ ಇತಿಹಾಸದಲ್ಲಿ ಈ ಹೆಸರಿಗೆ ಬಂದ ಅತಿ ದೊಡ್ಡ ಭಾರ ಈ ದಿನದ್ದು, ಆದ್ದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಆ ಹೊತ್ತಿಗೆ ಬೆಳೆ ಮನೆ ಸೇರಿರುತ್ತದೆ, ಒಕ್ಕಣೆ ಮುಗಿದಿರುತ್ತದೆ, ಸಲ್ಲಬೇಕಾದ ಬಾಕಿಗಳು ಸಂದಿರುತ್ತವೆ, ಹಿಮ ಬಿದ್ದು ಜಾರುಬಂಡಿ ಓಡುವಷ್ಟು ದಾರಿ ಗಟ್ಟಿಯಾಗಿರುತ್ತದೆ. ಪರರ ಜಮೀನಿನಲ್ಲಿ ಗೇಯುತ್ತಿದ್ದ ರೈತ ಆ ಒಡೆಯನನ್ನು ಬಿಟ್ಟು ಇನ್ನೊಬ್ಬನ ಕಡೆಗೆ ಹೋಗಬೇಕೆಂದರೆ ಹೋಗಲು ಅದೇ ತಕ್ಕ ಸಮಯ. ಮಾಸ್ಕೋದ ಮಹಾರಾಜ ಮೂರನೆಯ ಇವಾನ್ 1497ರಲ್ಲಿ ಹೊರಡಿಸಿದ ಕಾನೂನು ಸಂಹಿತೆ ಈ ರೂಢಿಯನ್ನು ಇಡೀ ರಾಜ್ಯಕ್ಕೆ ಏಕರೂಪವಾಗಿ ಗೊತ್ತುಪಡಿಸಿತು. ಶರತ್ಕಾಲದ ಯೂರಿಯ ದಿನಕ್ಕೆ ಒಂದು ವಾರ ಮುಂಚೆ ಮತ್ತು ಒಂದು ವಾರ ಅನಂತರ, ಹೀಗೆ ವರ್ಷಕ್ಕೆ ಎರಡೇ ವಾರ ರೈತ ಒಡೆಯನನ್ನು ಬಿಟ್ಟು ಹೋಗಬಹುದು. ಹೋಗುವಾಗ ವಾಸವಿದ್ದ ಮನೆಯ ಬಾಬ್ತು ಶುಲ್ಕ ತೆರಬೇಕು: ಬಯಲು ಸೀಮೆಯಲ್ಲಾದರೆ ಒಂದು ರೂಬಲ್, ಮರಮುಟ್ಟು ಹೇರಳವಾಗಿ ಸಿಗುವ ಕಾಡು ಸೀಮೆಯಲ್ಲಾದರೆ ಅರ್ಧ ರೂಬಲ್. ಒಂದು ವರ್ಷ ಇದ್ದವನು ಅದರ ಕಾಲುಭಾಗ, ಎರಡು ವರ್ಷ ಇದ್ದವನು ಅರ್ಧ, ಮೂರು ವರ್ಷ ಇದ್ದವನು ಮುಕ್ಕಾಲು, ನಾಲ್ಕು ವರ್ಷ ಇದ್ದವನು ಪೂರ್ತಿ. ನಾಲ್ಕನೆಯ ಇವಾನನ 1550ರ ಸಂಹಿತೆ ಶುಲ್ಕವನ್ನು ತುಸು ಏರಿಸಿ ಹಕ್ಕನ್ನು ಹಾಗೆಯೇ ಉಳಿಸಿಕೊಂಡಿತು.

ಇದು ದೊಡ್ಡ ಸ್ವಾತಂತ್ರ್ಯವಲ್ಲ ಎಂಬುದು ನಿಜ. ಆದರೆ ಎರಡು ವಾರದ ಆ ಕಿಂಡಿ ತೆರೆದಿರುವವರೆಗೆ ಒಡೆಯನಿಗೆ ತನ್ನ ಒಕ್ಕಲು ಬಿಟ್ಟುಹೋದಾನೆಂಬ ಅಳುಕು ಇದ್ದೇ ಇರುತ್ತಿತ್ತು. ನನ್ನ ಅಜ್ಜ ಗೇಣಿ ಒಕ್ಕಲಾಗಿ ಬಾಳಿದವರು. ಸುಗ್ಗಿ ಮುಗಿದ ಮೇಲೆ ಒಡೆಯರ ಅಂಗಳಕ್ಕೆ ಭತ್ತ ಅಳೆದು ಹಾಕಿ ಬರುವಾಗ ಅವರ ಮನಸ್ಸಿನಲ್ಲಿ ಏನಿರುತ್ತಿತ್ತು ಎಂಬುದನ್ನು ನನ್ನ ತಂದೆ ನಮಗೆ ಎಷ್ಟೋ ಸಲ ಹೇಳಿದ್ದಾರೆ. ಆ ಮಾತುಗಳನ್ನು ಕೇಳಿ ಬೆಳೆದುದರಿಂದ, ಈ ಎರಡು ವಾರಗಳ ಬೆಲೆ ಪುಸ್ತಕದಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚಿನದೆಂದು ನನಗೆ ಅನ್ನಿಸುತ್ತದೆ.

ನಾಲ್ಕನೆಯ ಇವಾನನ ದೀರ್ಘ ಯುದ್ಧಗಳಿಂದ ನಾಡು ಬಸವಳಿದು ಹಳ್ಳಿಗಳು ಬರಿದಾಗತೊಡಗಿದಾಗ ಆ ಕಿಂಡಿ ಮುಚ್ಚತೊಡಗಿತು. 1580ರ ದಶಕದಿಂದ ಕೆಲವು ವರ್ಷಗಳನ್ನು ‘ನಿಷಿದ್ಧ ವರ್ಷ’ಗಳೆಂದು ಸಾರಿ ಆ ವರ್ಷಗಳಲ್ಲಿ ರೈತರು ಜಾಗ ಬಿಡುವುದನ್ನು ತಡೆದರು. 1597ರ ನವೆಂಬರ್ 24ರಂದು, ಯೂರಿಯ ದಿನಕ್ಕೆ ಇನ್ನು ಎರಡೇ ದಿನ ಇರುವಾಗ, ಹಿಂದಿನ ಐದು ವರ್ಷಗಳಲ್ಲಿ ಓಡಿಹೋದ ರೈತರನ್ನು ಹುಡುಕಿ ಹಿಡಿದು ಹಳೆಯ ಒಡೆಯರಿಗೆ ಒಪ್ಪಿಸಬೇಕೆಂಬ ಆಜ್ಞೆ ಹೊರಬಿತ್ತು. ಆಗ ಸಿಂಹಾಸನದಲ್ಲಿ ಕುಳಿತಿದ್ದವನು ತ್ಸಾರ್ ಫ್ಯೋದರ್, ಆಡಳಿತ ನಡೆಸುತ್ತಿದ್ದವನು ಬೊರೀಸ್ ಗೊದುನೋವ್. ಗೊದುನೋವ್ ತಾನೇ ತ್ಸಾರ್ ಆದ ಮೇಲೆ 1601 ಮತ್ತು 1602ರ ಘೋರ ಕ್ಷಾಮದಲ್ಲಿ ಯೂರಿಯ ದಿನದ ಹಕ್ಕನ್ನು ಭಾಗಶಃ ಮರಳಿಸಿದನಾದರೂ ಅದು ಬಾಳಲಿಲ್ಲ. 1649ರಲ್ಲಿ ತ್ಸಾರ್ ಅಲೆಕ್ಸೇಯ್‌ನ ಸಂಹಿತೆ ಓಡಿಹೋದವರನ್ನು ಹುಡುಕಲು ಇದ್ದ ಕಾಲಮಿತಿಯನ್ನೇ ತೆಗೆದುಹಾಕಿತು. ಅಲ್ಲಿಂದ ಮುಂದೆ ರೈತನು, ಅವನ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಒಡೆಯನ ನೆಲಕ್ಕೆ ಕಟ್ಟುಬಿದ್ದ ಜೀತದಾಳುಗಳಾದರು. ಬೇಸಾಯಗಾರ ಎಂಬ ಅರ್ಥದ ಹೆಸರನ್ನು ಹೊತ್ತ ದಿನವೇ ಬೇಸಾಯಗಾರನ ಬಿಡುಗಡೆಯ ದಿನವಾಗಿದ್ದು, ಆಮೇಲೆ ಅವನಿಂದ ಕಸಿದುಕೊಂಡ ದಿನವೂ ಆಯಿತು.

ರಷ್ಯನ್ ಭಾಷೆ ಇದನ್ನು ಮರೆತಿಲ್ಲ. ನಿರೀಕ್ಷೆಯೊಂದು ಥಟ್ಟನೆ ಕೈತಪ್ಪಿದಾಗ ರಷ್ಯನ್ನರು ಇಂದಿಗೂ ‘ಅಜ್ಜೀ, ಇಗೋ ನಿನ್ನ ಯೂರಿಯ ದಿನ!’ ಎನ್ನುತ್ತಾರೆ. ನಾಲ್ಕು ಶತಮಾನಗಳ ಹಿಂದಿನ ಆ ವಂಚನೆಯ ನೆನಪು ಒಂದು ನಿಟ್ಟುಸಿರಿನಷ್ಟು ಚಿಕ್ಕ ಮಾತಿನಲ್ಲಿ ಉಳಿದಿದೆ. ‘ಓಬ್ಯೆಗೋರಿತ್’ ಎಂಬ ಕ್ರಿಯಾಪದವೊಂದು ಆಡುಮಾತಿನಲ್ಲಿದೆ. ನಯವಾಗಿ ಮೋಸ ಮಾಡುವುದು ಎಂದು ಅದರ ಅರ್ಥ. ಅದರೊಳಗೆ ಯೆಗೋರ್ ಎಂಬ ಹೆಸರು ಸ್ಪಷ್ಟವಾಗಿ ಕೇಳಿಸುತ್ತದೆ, ಮತ್ತು ಯೆಗೋರಿಯ ದಿನದ ಲೆಕ್ಕಚುಕ್ತದಲ್ಲಿ ನಡೆಯುತ್ತಿದ್ದ ಮೋಸಗಳಿಂದಲೇ ಈ ಪದ ಬಂತೆಂದು ಜನ ವಿವರಿಸುತ್ತಾರೆ.

ಸರ್ಕಾರಿ ಕಾಗದದಲ್ಲಿ ಮತ್ತು ಚರ್ಚಿನ ದಫ್ತರದಲ್ಲಿ ಇದ್ದದ್ದು ಮಾತ್ರ ಗಿಯೋರ್ಗಿ. ಪಾದ್ರಿಗೆ ಈ ಮೂರೂ ಒಂದೇ ಹೆಸರಾದ್ದರಿಂದ ಅರಸು ಮನೆತನದ ಯೂರಿಯನ್ನೂ ಹಳ್ಳಿಯ ಯೆಗೋರನನ್ನೂ ಅವನು ದೀಕ್ಷೆಯ ಹೊತ್ತಿನಲ್ಲಿ ಗಿಯೋರ್ಗಿ ಎಂದೇ ಬರೆದುಕೊಳ್ಳುತ್ತಿದ್ದ. ಕ್ಯಾಥರೀನ್ ಮಹಾರಾಣಿ 1769ರಲ್ಲಿ ಹಳೆಯ ಪಂಚಾಂಗದ ನವೆಂಬರ್ 26ರಂದೇ, ಅಂದರೆ ಶರತ್ಕಾಲದ ಯೂರಿಯ ದಿನದಂದೇ, ಸಂತ ಗಿಯೋರ್ಗಿಯ ಹೆಸರಿನ ಸೈನಿಕ ಪದಕವನ್ನು ಸ್ಥಾಪಿಸಿದಳು. ಅದು ಅಧಿಕಾರಿಗಳಿಗೆ ಸಲ್ಲುವ ಗೌರವವಾಗಿತ್ತು. ಸಾಮಾನ್ಯ ಸಿಪಾಯಿಗಳಿಗೆಂದು 1807ರಲ್ಲಿ ಬೆಳ್ಳಿಯ ಶಿಲುಬೆಯೊಂದು ಅದಕ್ಕೆ ಸೇರಿತು. ಆ ಶಿಲುಬೆಯನ್ನು ಸಿಪಾಯಿಗಳು ಗಿಯೋರ್ಗಿ ಎನ್ನಲಿಲ್ಲ, ‘ಯೆಗೋರಿ’ ಎಂದರು. ಎದೆಯ ಮೇಲೆ ಯೆಗೋರಿ ಬಂತು ಎನ್ನುವುದು ಅವರ ಮಾತಾಗಿತ್ತು. ಹಳ್ಳಿಯಿಂದ ಬಂದವರಿಗೆ ತಮ್ಮ ದನ ಕಾಯುವ ದೈವವೇ ಎದೆಗೆ ಬಂದು ನಿಂತಂತೆ ತೋರಿರಬೇಕು.

ಮೊದಲ ಮಹಾಯುದ್ಧದಲ್ಲಿ ಅಂಥ ಎರಡು ಶಿಲುಬೆಗಳನ್ನು ಗಳಿಸಿದ ಸಿಪಾಯಿಯೊಬ್ಬನ ಹೆಸರೂ ಗಿಯೋರ್ಗಿ. ಕಲೂಗ ಪ್ರಾಂತದ ಸ್ತ್ರೆಲ್ಕೋವ್ಕ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ, 1896ರಲ್ಲಿ ಹಳೆಯ ಪಂಚಾಂಗದ ನವೆಂಬರ್ 19ರಂದು, ಯೂರಿಯ ದಿನಕ್ಕೆ ಸರಿಯಾಗಿ ಒಂದು ವಾರ ಇರುವಾಗ ಹುಟ್ಟಿದವನು. ಮುಂದೆ ಮಾರ್ಷಲ್ ಗಿಯೋರ್ಗಿ ಜೂಕೊವ್ ಎಂದು ಪ್ರಸಿದ್ಧನಾಗಿ, ಬರ್ಲಿನ್ನಿನಲ್ಲಿ ಜರ್ಮನರ ಶರಣಾಗತಿಯನ್ನು ಸ್ವೀಕರಿಸಿ, 1945ರ ಜೂನ್ 24ರಂದು ಕೆಂಪು ಚೌಕದ ವಿಜಯ ಮೆರವಣಿಗೆಯಲ್ಲಿ ಬಿಳಿಯ ಕುದುರೆಯೇರಿ ಬಂದ. ಬಿಳಿಯ ಕುದುರೆಯ ಮೇಲಿನ ಗಿಯೋರ್ಗಿಯನ್ನು ಆ ನಾಡಿನವರು ಶತಮಾನಗಳಿಂದ ದೇವಚಿತ್ರಗಳಲ್ಲಿ ನೋಡುತ್ತ ಬಂದಿದ್ದರು.

ಮಾಸ್ಕೋದ ಲಾಂಛನದಲ್ಲಿ ಇರುವ ಸವಾರನೂ ಈ ಸಂತನೇ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಹಳೆಯ ಕಾಲದಲ್ಲಿ ಆ ಸವಾರನನ್ನು ಮಹಾರಾಜನೆಂದೇ ತಿಳಿಯುತ್ತಿದ್ದರು. ಅವನನ್ನು ಸಂತ ಗಿಯೋರ್ಗಿ ಎಂದು ಅಧಿಕೃತವಾಗಿ ಕರೆಯತೊಡಗಿದ್ದು 18ನೇ ಶತಮಾನದಲ್ಲಿ. 1535ರ ನಾಣ್ಯ ಸುಧಾರಣೆಯಲ್ಲಿ ಬಂದ, ಈಟಿ ಹಿಡಿದ ಸವಾರನ ಮುದ್ರೆಯಿದ್ದ ಬೆಳ್ಳಿಯ ನಾಣ್ಯದಿಂದಲೇ ನಮಗೆ ಪರಿಚಿತವಾದ ‘ಕೊಪೆಕ್’ ಎಂಬ ಪದ ಬಂದಿದೆ. ‘ಕೊಪ್ಯೋ’ ಎಂದರೆ ಈಟಿ. ಆ ನಾಣ್ಯದ ಸವಾರ ಕೂಡ ರಾಜನೇ ಹೊರತು ಸಂತನಲ್ಲ.

ಮನೆಯೊಳಗಿನ ರೂಪಗಳನ್ನು ಹೇಳದಿದ್ದರೆ ರಷ್ಯನ್ ಹೆಸರಿನ ಕಥೆ ಅರ್ಧವೇ ಆಗುತ್ತದೆ. ಯೂರಿಗೆ ಯೂರ ಎಂಬುದು ಮನೆಯವರ, ಗೆಳೆಯರ ಸಲಿಗೆಯ ಕರೆ, ಯೂರೊಚ್ಕ ಎಂಬುದು ಮುದ್ದಿನ ಕರೆ, ಯೂರ್ಕ ಎಂಬುದು ಬೀದಿಯ ಒರಟು ಸಲಿಗೆ. ಯೆಗೋರನನ್ನು ಯೆಗೋರ್ಕ ಎಂದೂ ಯೆಗೋರುಷ್ಕ ಎಂದೂ ಕರೆಯುತ್ತಾರೆ. ಗಿಯೋರ್ಗಿ ಮನೆಯಲ್ಲಿ ಗೋಷ ಆಗಬಹುದು, ಗೋಗ ಆಗಬಹುದು, ಜೋರ ಆಗಬಹುದು. ಗೋಷ ಎಂಬುದು ಯೆಗೋರನಿಗೂ ಸಲ್ಲುತ್ತದೆ. ನಮ್ಮಲ್ಲಿ ರಂಗ, ರಂಗಪ್ಪ, ರಂಗಯ್ಯ, ರಂಗಣ್ಣ ಎಂಬ ಕರೆಗಳಲ್ಲಿ ಪ್ರತಿಯೊಂದೂ ಕರೆಯುವವನ ಮತ್ತು ಕರೆಸಿಕೊಳ್ಳುವವನ ನಡುವಿನ ಅಂತರವನ್ನು ಅಳೆದು ಹೇಳುವಂತೆ ಅಲ್ಲಿಯೂ ಹೇಳುತ್ತದೆ. ವ್ಯತ್ಯಾಸವೆಂದರೆ, ನಾವು ಗೌರವಕ್ಕೆ ಹೆಸರಿನ ಹಿಂದೆ ಅಪ್ಪ, ಅಯ್ಯ ಸೇರಿಸಿದರೆ ಅವರು ನಿಜವಾದ ತಂದೆಯ ಹೆಸರನ್ನೇ ಸೇರಿಸುತ್ತಾರೆ: ಗಗಾರಿನ್ ಯೂರಿ ಅಲೆಕ್ಸೇಯೆವಿಚ್, ಜೂಕೊವ್ ಗಿಯೋರ್ಗಿ ಕೊನ್‌ಸ್ತಾಂತಿನೊವಿಚ್. ಬಾಲ್ಯದಲ್ಲಿ ಕನ್ನಡಕ್ಕೆ ಬಂದ ಸೋವಿಯತ್ ಕಥೆಗಳನ್ನು ಓದುವಾಗ ಒಬ್ಬನೇ ಮನುಷ್ಯ ಪುಟದಿಂದ ಪುಟಕ್ಕೆ ಹೆಸರು ಬದಲಾಯಿಸುವುದನ್ನು ಕಂಡು ನಾನು ಕಂಗೆಟ್ಟದ್ದುಂಟು. ಈಗ ಆ ಬದಲಾವಣೆಯೇ ನನಗೆ ಓದಿನ ಸುಖ, ಏಕೆಂದರೆ ಯಾರು ಯಾರನ್ನು ಯಾವಾಗ ಹೇಗೆ ಕರೆದರು ಎಂಬುದರಲ್ಲಿ ಅರ್ಧ ಕಥೆ ಇರುತ್ತದೆ.

ಕುಲನಾಮಗಳಲ್ಲಿ ಗೆದ್ದವನು ಯೆಗೋರ್. ಯೆಗೋರೊವ್ ಎಂಬುದು ರಷ್ಯದ ಅತಿ ಸಾಮಾನ್ಯ ಕುಲನಾಮಗಳಲ್ಲಿ ಒಂದು. ಹಳ್ಳಿಯವರ ಕುಲನಾಮಗಳು ಚರ್ಚಿನ ದಫ್ತರಕ್ಕಿಂತ ಹೆಚ್ಚಾಗಿ ಊರಿನವರು ತಂದೆಯನ್ನು ಹೇಗೆ ಕರೆಯುತ್ತಿದ್ದರೋ ಆ ಕರೆಯಿಂದ ಹುಟ್ಟಿದವು.

1917ರ ಕ್ರಾಂತಿಯ ನಂತರ ಹುಟ್ಟು, ಮದುವೆ, ಸಾವುಗಳ ನೋಂದಣಿ ಚರ್ಚಿನ ಕೈಯಿಂದ ಸರ್ಕಾರಿ ಕಚೇರಿಗೆ ಬಂದಿತು. ಸಂತರ ಪಂಚಾಂಗವನ್ನು ನೋಡಬೇಕಾದ ಅಗತ್ಯ ಗುಮಾಸ್ತನಿಗೆ ಇರಲಿಲ್ಲ. ಆದ್ದರಿಂದ ಮೂರು ರೂಪಗಳೂ ಮೂರು ಬೇರೆ ಹೆಸರುಗಳಾಗಿ ದಾಖಲಾಗತೊಡಗಿ, ಇಂದು ಒಬ್ಬನ ಗುರುತಿನ ಪತ್ರದಲ್ಲಿ ಯೂರಿ ಎಂದಿದ್ದರೆ ಅವನು ಕಾನೂನಿನ ಕಣ್ಣಿನಲ್ಲಿ ಗಿಯೋರ್ಗಿ ಅಲ್ಲ. ಚರ್ಚಿಗೆ ಹೋದರೆ ಮಾತ್ರ ಅವನು ಈಗಲೂ ಗಿಯೋರ್ಗಿಯೇ. ಹಳೆಯ ಗಡಿಗಳೂ ಅಳಿಸಿದವು. ಅರಸರ ರೂಪವಾಗಿದ್ದ ಯೂರಿ 20ನೇ ಶತಮಾನದ ಪೂರ್ವಾರ್ಧದಲ್ಲಿ ಕಾರ್ಮಿಕರ, ರೈತರ ಮಕ್ಕಳ ಹೆಸರಾಗಿ ಎಲ್ಲೆಡೆ ಹಬ್ಬಿತು. ಹಳ್ಳಿಗನ ಹೆಸರೆಂದು ಪಟ್ಟಣದವರು ಬದಿಗಿಟ್ಟಿದ್ದ ಯೆಗೋರ್ ಆ ಶತಮಾನದ ಕೊನೆಯ ವೇಳೆಗೆ ಪಟ್ಟಣದ ತಂದೆತಾಯಿಯರಿಗೇ ಅಚ್ಚುಮೆಚ್ಚಾಯಿತು.

ಈ ಹೆಸರಿನ ಬಳಗ ನಮ್ಮ ಕಡೆಯೂ ಇದೆ ಎಂಬುದು ನನಗೆ ತಡವಾಗಿ ತಿಳಿಯಿತು. ಸಿರಿಯಾಕ್ ಭಾಷೆಯ ಮೂಲಕ ಕೇರಳದ ಕ್ರೈಸ್ತರಿಗೆ ಬಂದ ಗೀವರ್ಗೀಸ್, ಅದರಿಂದ ಮೊಟಕಾದ ವರ್ಗೀಸ್, ಇವು ಯೂರಿಯ ದಾಯಾದಿಗಳು. ಕೇರಳದಿಂದ ಬಂದು ನಮ್ಮ ಊರುಗಳಲ್ಲಿ ನೆಲೆಸಿದ ವರ್ಗೀಸರನ್ನು ಬಲ್ಲ ಕನ್ನಡಿಗರು ಎಷ್ಟೋ ಜನ ಇದ್ದಾರೆ. ಭಾರತದ ಹಾಲು ಕ್ರಾಂತಿಯ ಮುಂದಾಳು ವರ್ಗೀಸ್ ಕುರಿಯನ್ ಅಮೆರಿಕಕ್ಕೆ ಓದಲು ಹೋಗುವ ಮುನ್ನ ಹೈನುಗಾರಿಕೆಯ ಮೊದಲ ತರಬೇತಿ ಪಡೆದದ್ದು ಬೆಂಗಳೂರಿನ ಸಂಸ್ಥೆಯಲ್ಲಿ. ದನಗಳ ಕಾವಲುಗಾರನಾದ ಸಂತನ ಹೆಸರು ಹಸು ಸಾಕುವ ಲಕ್ಷಾಂತರ ಕುಟುಂಬಗಳ ಬದುಕನ್ನು ಕಟ್ಟಿದವರಿಗೆ ಇತ್ತು ಎಂಬುದು ಕಾಕತಾಳೀಯವೇ ಸರಿ, ಆದರೂ ಅದನ್ನು ನೆನೆದಾಗ ನನ್ನ ಮನಸ್ಸು ತುಂಬಿಬರುತ್ತದೆ. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರಿಗೆ ಆ ಹೆಸರು ಬಂದದ್ದು ಅದೇ ದಿನಾಂಕದಂದು ಹುಟ್ಟಿದ್ದ ಬ್ರಿಟನ್ನಿನ ದೊರೆ ಐದನೆಯ ಜಾರ್ಜನಿಂದ. ಅದೂ ಇದೇ ಗ್ರೀಕ್ ಬೇಸಾಯಗಾರನ ಹೆಸರು.

ಮತ್ತೆ ಶಾಲೆಯ ಗೋಡೆಯ ಚಿತ್ರಕ್ಕೆ ಬರುತ್ತೇನೆ. ಈ ಹೆಸರು ತನ್ನ ಮೂರೂ ರೂಪಗಳಲ್ಲಿ ಬಾಹ್ಯಾಕಾಶಕ್ಕೆ ಹೋಗಿದೆ. 1961ರಲ್ಲಿ ಯೂರಿ ಗಗಾರಿನ್, 1964ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ವೈದ್ಯ ಬೊರೀಸ್ ಯೆಗೋರೊವ್, 1968ರಲ್ಲಿ ಗಿಯೋರ್ಗಿ ಬೆರೆಗೊವೊಯ್. 1984ರ ಏಪ್ರಿಲ್ 3ರಂದು ನಮ್ಮ ರಾಕೇಶ್ ಶರ್ಮ ಅವರನ್ನು ಕರೆದೊಯ್ದ ನೌಕೆಯ ದಳಪತಿಯೂ ಒಬ್ಬ ಯೂರಿಯೇ, ಯೂರಿ ಮಲಿಶೆವ್.

ಗಗಾರಿನ್ ಹುಟ್ಟಿದ್ದು 1934ರಲ್ಲಿ, ಸ್ಮೊಲೆನ್ಸ್ಕ್ ಪ್ರದೇಶದ ಕ್ಲೂಷಿನೊ ಎಂಬ ಹಳ್ಳಿಯಲ್ಲಿ. ತಂದೆ ಬಡಗಿ, ತಾಯಿ ಸಾಮೂಹಿಕ ಜಮೀನಿನಲ್ಲಿ ದುಡಿಯುತ್ತಿದ್ದವಳು. ಯುದ್ಧದಲ್ಲಿ ಜರ್ಮನರು ಮನೆಯನ್ನು ಕಿತ್ತುಕೊಂಡಾಗ ಆ ಕುಟುಂಬ ನೆಲದೊಳಗೆ ತೋಡಿಕೊಂಡ ಗುಂಡಿಮನೆಯಲ್ಲಿ ದಿನ ಕಳೆಯಿತು. ರಷ್ಯದ ಜೀತಪದ್ಧತಿ ರದ್ದಾದದ್ದು 1861ರಲ್ಲಿ, ಅವನು ಹಾರಿದ್ದು ಸರಿಯಾಗಿ ನೂರು ವರ್ಷಗಳ ನಂತರ. ಅವನು ಹಾರಿದ ವರ್ಷದಲ್ಲಿಯೂ ಸಾಮೂಹಿಕ ಜಮೀನಿನ ರೈತರಿಗೆ, ಪಟ್ಟಣದವರಿಗೆ ಇರುತ್ತಿದ್ದಂಥ ಒಳನಾಡಿನ ಪಾಸ್‌ಪೋರ್ಟನ್ನು ಸಾಮಾನ್ಯವಾಗಿ ಕೊಡುತ್ತಿರಲಿಲ್ಲ, ಅದಿಲ್ಲದೆ ಊರು ಬಿಟ್ಟು ಬೇರೆಡೆ ನೆಲೆಸುವುದು ಸುಲಭವಿರಲಿಲ್ಲ. ಅವರೆಲ್ಲರಿಗೂ ಅದನ್ನು ಕೊಡಬೇಕೆಂಬ ನಿಯಮ ಬಂದದ್ದು 1974ರಲ್ಲಿ. ನನ್ನ ಅಜ್ಜನ ಗೇಣಿ ಕೊನೆಗೊಂಡ ಭೂಸುಧಾರಣೆಯ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂದದ್ದೂ ಅದೇ ವರ್ಷ.

ಭೂಮಿಯನ್ನು ಒಂದು ಸುತ್ತು ಹಾಕಿದ ಮೇಲೆ ಯೂರಿ ಪ್ಯಾರಾಚೂಟಿನಲ್ಲಿ ಇಳಿದದ್ದು ಸರಾತೊವ್ ಪ್ರದೇಶದ ಸ್ಮೆಲೊವ್ಕ ಎಂಬ ಹಳ್ಳಿಯ ಹತ್ತಿರ, ಉತ್ತು ಹದ ಮಾಡಿದ್ದ ಒಂದು ಹೊಲದಲ್ಲಿ. ಅವನನ್ನು ಮೊದಲು ಕಂಡವರು ಆಲೂಗೆಡ್ಡೆ ನಾಟಿಯ ಕೆಲಸದಲ್ಲಿದ್ದ ಒಬ್ಬ ಹೆಂಗಸು ಮತ್ತು ಅವಳ ಪುಟ್ಟ ಮೊಮ್ಮಗಳು. ಅಂದು ಏಪ್ರಿಲ್ 12. ಹಸಿವಿನ ಯೆಗೋರಿಯ ಹಬ್ಬಕ್ಕೆ, ದನಗಳನ್ನು ಮೇವಿಗೆ ಬಿಡುವ ದಿನಕ್ಕೆ, ಇನ್ನು 24 ದಿನಗಳಿದ್ದವು.